ಉದ್ದೇಶದ ಜಗಳ ಆಯ್ತು, ಸೆಕ್ಷನ್ ಓದೋರು ಯಾರು?

"ನಿಮಗೆ ಬೇಕಾದ ಪಕ್ಷ ಮದುವೆ ಕಾನೂನು ತಂದ್ರೆ ಸುಧಾರಣೆ ಅಂತೀರ. ಬೇಡದ ಪಕ್ಷ ತಂದ್ರೆ ವೋಟ್ ಬ್ಯಾಂಕ್ ಅಂತೀರ. ಹೌದೋ ಅಲ್ವೋ, ನೇರವಾಗಿ ಹೇಳಿ ಸಾರ್."

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಿಂದ ವೀಕ್ಷಕರೊಬ್ಬರು ಕಳಿಸಿದ ಪ್ರಶ್ನೆ ಇದು. ಸಿಟ್ಟಿನ ಪ್ರಶ್ನೆ, ಆದರೆ ಲೆಕ್ಕ ಇಟ್ಟುಕೊಂಡು ಕೇಳಿದ ಪ್ರಶ್ನೆ. ಅವರು ಮೂರು ಕಾನೂನುಗಳ ಹೆಸರು ಬರೆದಿದ್ದರು. ತ್ರಿವಳಿ ತಲಾಖ್ ಕಾಯ್ದೆ, ಹೆಣ್ಣುಮಕ್ಕಳ ಮದುವೆ ವಯಸ್ಸನ್ನು 21ಕ್ಕೆ ಏರಿಸೋ ಮಸೂದೆ, ನಮ್ಮ ರಾಜ್ಯದ ಮತಾಂತರ ಕಾಯ್ದೆ. ಈ ಮೂರರಲ್ಲೂ ಟಿವಿಯವರು ಕಾನೂನಿನ ಬಗ್ಗೆ ಮಾತಾಡಿದ್ದಕ್ಕಿಂತ ಅದನ್ನು ತಂದವರ ಮನಸ್ಸಿನ ಬಗ್ಗೆ ಮಾತಾಡಿದ್ದೇ ಜಾಸ್ತಿ ಅನ್ನೋದು ಅವರ ದೂರು.

ನೇರವಾಗೇ ಹೇಳ್ತೀನಿ. ದೂರಿನಲ್ಲಿ ಹುರುಳಿದೆ. ಆದರೆ ಅದರಲ್ಲಿ ಎರಡು ವಿಷಯ ಬೆರೆತು ಹೋಗಿವೆ. ಮಾಧ್ಯಮ ನಿಜವಾಗಿಯೂ ಒಂದು ಕಡೆ ವಾಲೋದು ಬೇರೆ. ವಾಲಿದೆ ಅಂತ ನಮಗೆ ಅನ್ನಿಸೋದು ಬೇರೆ. ಮೊದಲು ಇವೆರಡನ್ನೂ ಬಿಡಿಸಿಡೋಣ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆದಿತ್ತು. 1985ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. 1982ರಲ್ಲಿ ಬೈರೂತ್‌ನ ನಿರಾಶ್ರಿತರ ಶಿಬಿರಗಳಲ್ಲಿ ಹತ್ಯಾಕಾಂಡ ನಡೆದಿತ್ತಲ್ಲ, ಅದರ ಟಿವಿ ಸುದ್ದಿ ತುಣುಕುಗಳನ್ನು ಎರಡು ಗುಂಪಿಗೆ ತೋರಿಸಿದರು. ಒಂದು ಇಸ್ರೇಲ್ ಪರ ಇದ್ದವರ ಗುಂಪು, ಇನ್ನೊಂದು ಅರಬ್ಬರ ಪರ ಇದ್ದವರದ್ದು. ಇಬ್ಬರಿಗೂ ತೋರಿಸಿದ್ದು ಅದೇ ತುಣುಕು. ಇಸ್ರೇಲ್ ಪರ ಇದ್ದವರು ಹೇಳಿದ್ದು, ಈ ಸುದ್ದಿ ಇಸ್ರೇಲ್ ವಿರೋಧಿ. ಅರಬ್ಬರ ಪರ ಇದ್ದವರು ಹೇಳಿದ್ದು, ಈ ಸುದ್ದಿ ಇಸ್ರೇಲ್ ಪರ. ಇಬ್ಬರೂ ಪ್ರಾಮಾಣಿಕವಾಗೇ ಹೇಳಿದ್ದು. ನಾವು ಯಾವ ಕಡೆ ಗಟ್ಟಿಯಾಗಿ ನಿಂತಿರ್ತೀವೋ, ಮಧ್ಯದಲ್ಲಿ ನಿಂತವನೂ ನಮಗೆ ಎದುರಾಳಿ ಥರಾನೇ ಕಾಣ್ತಾನೆ.

ಹಾಗಂತ ಟಿವಿಯವರು ಪಾರಾಗೋ ಹಾಗಿಲ್ಲ. ವೀಕ್ಷಕರಿಗೆ ಹಾಗನ್ನಿಸುತ್ತೆ ಅಷ್ಟೆ, ನಮ್ಮಲ್ಲಿ ಏನೂ ತಪ್ಪಿಲ್ಲ ಅಂತ ಕೈತೊಳೆದುಕೊಳ್ಳೋದು ಸುಲಭ. ಗೆಂಡೆಹಳ್ಳಿಯ ಪ್ರಶ್ನೆ ಅದಕ್ಕಿಂತ ಆಳದ್ದು. ಪಕ್ಷ ಬದಲಾದಾಗ ಪ್ರಶ್ನೆಯೂ ಬದಲಾಗುತ್ತಾ ಅಂತ ಅವರು ಕೇಳ್ತಿದ್ದಾರೆ. ಅದನ್ನು ಅಳೆದು ನೋಡಬಹುದು. ಅಳೆಯೋಕೆ ಬೇಕಾದ ಉದಾಹರಣೆಗಳು ನಮ್ಮ ಕಣ್ಣೆದುರೇ ಇವೆ.

ಮೊದಲು ಒಂದು ಮಾತು. ಮದುವೆ ಕಾನೂನು ಬಂದಾಗಲೆಲ್ಲ 'ಉದ್ದೇಶ' ಯಾಕೆ ಮುಂದೆ ಬರುತ್ತೆ? ಕಾರಣ ಸರಳ. ಉದ್ದೇಶದ ಬಗ್ಗೆ ಮಾತಾಡೋಕೆ ಏನೂ ಓದಬೇಕಾಗಿಲ್ಲ. ಮಸೂದೆ ಹತ್ತು ಪುಟ ಇರಲಿ, ನೂರು ಪುಟ ಇರಲಿ, ತೆರೆಯೋದೇ ಬೇಡ. ಸ್ಕ್ರೀನ್ ಮೇಲೆ ನಾಲ್ಕು ಕಿಟಕಿ, ನಾಲ್ಕು ವಕ್ತಾರರು. ಒಬ್ಬರು ಇದು ಚುನಾವಣೆ ಗಿಮಿಕ್ ಅಂತಾರೆ, ಇನ್ನೊಬ್ಬರು ನಿಮ್ಮದು ಓಲೈಕೆ ಅಂತಾರೆ. ಒಂದು ಗಂಟೆ ಮುಗೀತು. ಉದ್ದೇಶವನ್ನು ಸಾಬೀತು ಮಾಡೋಕೂ ಆಗಲ್ಲ, ಸುಳ್ಳು ಅಂತ ತೋರಿಸೋಕೂ ಆಗಲ್ಲ. ಯಾರ ಎದೆಯೊಳಗೆ ಏನಿದೆ ಅಂತ ಯಾವ ಕ್ಯಾಮೆರಾ ತೋರಿಸುತ್ತೆ ಹೇಳಿ? ಹಾಗಾಗಿ ಚರ್ಚೆ ಎಂದಿಗೂ ಮುಗಿಯಲ್ಲ. ಮುಗಿಯದ ಚರ್ಚೆ ಟಿವಿಗೆ ಅನುಕೂಲ.

ಇದು ಟಿವಿ ಕಾಲದ ಕಾಯಿಲೆ ಅಂದ್ಕೋಬೇಡಿ. ಪತ್ರಿಕೆಗಳ ಕಾಲದಲ್ಲೂ ಇತ್ತು.

1890ರಲ್ಲಿ ಕಲ್ಕತ್ತಾದಲ್ಲಿ ಫೂಲ್‌ಮಣಿ ಅನ್ನೋ ಹುಡುಗಿ ಸತ್ತಳು. ವಯಸ್ಸು ಹತ್ತು ಹನ್ನೊಂದು ಇರಬಹುದು. ಗಂಡ ಮೂವತ್ತು ದಾಟಿದವನು. ಅವನ ಬಲಾತ್ಕಾರದಿಂದ ಆದ ಗಾಯಕ್ಕೆ ಮಗು ಪ್ರಾಣ ಬಿಟ್ಟಿತು. ಆ ಹೊತ್ತಿಗಾಗಲೇ ಬೆಹ್ರಾಮ್‌ಜಿ ಮಲಬಾರಿ ಅನ್ನೋ ಪಾರ್ಸಿ ಪತ್ರಕರ್ತರು 1884ರಿಂದ ಬಾಲ್ಯವಿವಾಹದ ವಿರುದ್ಧ ಬರೀತಾ ಬಂದಿದ್ದರು. ಕೊನೆಗೆ 1891ರಲ್ಲಿ ಬ್ರಿಟಿಷ್ ಸರ್ಕಾರ ಸಮ್ಮತಿ ವಯಸ್ಸಿನ ಕಾಯ್ದೆ ತಂದಿತು. ಅದರಲ್ಲಿದ್ದದ್ದು ಇಷ್ಟೆ: 10 ಇದ್ದ ವಯಸ್ಸು 12 ಆಗಬೇಕು.

ಪುಣೆಯಲ್ಲಿ ದೊಡ್ಡ ಗಲಾಟೆ ಆಯಿತು. ತಿಲಕರ 'ಕೇಸರಿ' ಇದನ್ನು ವಿರೋಧಿಸಿತು. ಪರಕೀಯ ಸರ್ಕಾರ ನಮ್ಮ ಮನೆಯೊಳಗೆ, ನಮ್ಮ ಧರ್ಮದೊಳಗೆ ಕೈ ಹಾಕೋದು ಬೇಡ ಅನ್ನೋದು ಅವರ ವಾದ. ಅದೇ ಊರಿನಲ್ಲಿ ಅಗರ್ಕರ್ ಅವರ 'ಸುಧಾರಕ' ಪತ್ರಿಕೆ ಕಾಯ್ದೆಯ ಪರ ನಿಂತಿತು. ಇಲ್ಲೊಂದು ವಿಶೇಷ ಇದೆ. 'ಕೇಸರಿ'ಯ ಮೊದಲ ಸಂಪಾದಕರು ಇದೇ ಅಗರ್ಕರ್. ಇಬ್ಬರೂ ದೇಶಭಕ್ತರೇ, ಒಂದು ಕಾಲದಲ್ಲಿ ಜೊತೆಗೇ ಕೆಲಸ ಮಾಡಿದವರು. ಒಬ್ಬರು ಕಾನೂನು ತಂದವನು ಯಾರು ಅಂತ ನೋಡಿದರು. ಇನ್ನೊಬ್ಬರು ಕಾನೂನು ಯಾರನ್ನು ಕಾಪಾಡುತ್ತೆ ಅಂತ ನೋಡಿದರು.

ಪರಕೀಯ ಸರ್ಕಾರದ ಉದ್ದೇಶವನ್ನು ಅನುಮಾನಿಸೋದು ತಪ್ಪಾ? ಖಂಡಿತ ಅಲ್ಲ. ಬ್ರಿಟಿಷರ ಉದ್ದೇಶ ಅನುಮಾನಿಸೋಕೆ ನೂರು ಕಾರಣ ಇತ್ತು. ಆದರೆ ಆ ವಾದ ಎಷ್ಟು ಗಟ್ಟಿ ಅಂತ ನೋಡೋಕೆ ಮೈಸೂರಿಗೆ ಬನ್ನಿ.

1894ರಲ್ಲಿ ಮೈಸೂರು ಸಂಸ್ಥಾನ ಶಿಶುವಿವಾಹ ತಡೆ ಕಾನೂನು ಮಾಡಿತು. ಮಹಾರಾಜರು ಚಾಮರಾಜೇಂದ್ರ ಒಡೆಯರ್, ದಿವಾನರು ಶೇಷಾದ್ರಿ ಅಯ್ಯರ್. 8 ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡೋ ಹಾಗಿಲ್ಲ. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳೋ ಹಾಗಿಲ್ಲ. ಇಂದು ಓದಿದರೆ ಇದೂ ಒಂದು ಕಾನೂನಾ ಅನ್ನಿಸುತ್ತೆ. ಅವತ್ತಿನ ಮಟ್ಟಿಗೆ ಅದು ಭಾರಿ ಹೆಜ್ಜೆ. ಹಾಸನ, ಬೇಲೂರು ಎಲ್ಲಾ ಆಗ ಮೈಸೂರು ಸಂಸ್ಥಾನದಲ್ಲೇ ಇದ್ದದ್ದು, ಹಾಗಾಗಿ ಈ ಭಾಗಕ್ಕೂ ಅದೇ ಕಾನೂನು.

ಈಗ ಹೇಳಿ, ಇಲ್ಲಿ ಪರಕೀಯರು ಯಾರು? ರಾಜರು ನಮ್ಮವರು, ದಿವಾನರು ಶಾಸ್ತ್ರ ಬಲ್ಲ ಮನೆತನದವರು. ಆದರೂ ಪ್ರಜಾಪ್ರತಿನಿಧಿ ಸಭೆಯಲ್ಲಿ ವಿರೋಧ ಬಂತು. ಧರ್ಮ, ಆಚಾರ ಅನ್ನೋ ಮಾತುಗಳೇ ಬಂದವು. ಅಂದರೆ, ತಂದವರ ಮೇಲೆ ಅನುಮಾನ ಪಡೋಕೆ ಕಾರಣವೇ ಇಲ್ಲದ ಕಡೆಯಲ್ಲೂ ವಿರೋಧ ಹಾಗೇ ಉಳೀತು. ಬಹಳಷ್ಟು ಸಲ ಉದ್ದೇಶದ ಮಾತು ಮೇಲಿನ ಹೊದಿಕೆ. ಒಳಗಿರೋ ತಕರಾರೇ ಬೇರೆ ಇರುತ್ತೆ. ಪತ್ರಕರ್ತನ ಕೆಲಸ ಆ ಹೊದಿಕೆ ಸರಿಸಿ ನೋಡೋದು.

ಸ್ವಾತಂತ್ರ್ಯ ಬಂದ ಮೇಲೆ ಇದೇ ಕಥೆ ಪಕ್ಷಗಳ ನಡುವೆ ಶುರುವಾಯಿತು. ಶಾ ಬಾನೊ ಪ್ರಕರಣ ತಗೊಳ್ಳಿ. ಇಂದೋರಿನ ಮುದುಕಿ. ಗಂಡ ತಲಾಖ್ ಕೊಟ್ಟಿದ್ದ. ಹೈಕೋರ್ಟ್ ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶ ಕೊಡು ಅಂದಿತ್ತು. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಆಕೆಯ ಪರ ತೀರ್ಪು ಕೊಟ್ಟಿತು. ಮರುವರ್ಷ ರಾಜೀವ್ ಗಾಂಧಿ ಸರ್ಕಾರ ಹೊಸ ಕಾಯ್ದೆ ತಂದು ಆ ತೀರ್ಪನ್ನು ಮೀರಿಸಿತು. ಮುಲ್ಲಾಗಳ ಓಲೈಕೆ ಅನ್ನೋ ಟೀಕೆ ಬಂತು. ಆ ಟೀಕೆಗೆ ಆಧಾರವೂ ಇತ್ತು, ಒತ್ತಡ ಎಲ್ಲರ ಕಣ್ಣಿಗೂ ಕಾಣ್ತಿತ್ತು.

ಆದರೆ ಮುಂದೇನಾಯ್ತು ಅಂತ ಎಷ್ಟು ಜನಕ್ಕೆ ಗೊತ್ತು? ಆ 1986ರ ಕಾಯ್ದೆಯಲ್ಲಿ ಒಂದು ಮಾತಿತ್ತು. ತಲಾಖ್ ಆದ ಹೆಂಗಸಿಗೆ ಗಂಡನಾಗಿದ್ದವನು ಇದ್ದತ್ ಅವಧಿಯೊಳಗೆ ನ್ಯಾಯವಾದ, ಸಮಂಜಸವಾದ ಏರ್ಪಾಡು ಮಾಡಬೇಕು ಅಂತ. 'ಅವಧಿಯೊಳಗೆ' ಅಂತಿದೆ, 'ಅವಧಿಗೆ' ಅಂತಿಲ್ಲ. ಈ ವಿಭಕ್ತಿ ಪ್ರತ್ಯಯದ ವ್ಯತ್ಯಾಸದ ಮೇಲೆ 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ದುಡ್ಡನ್ನು ಆ ಸುಮಾರು ಮೂರು ತಿಂಗಳೊಳಗೆ ಕೊಡಬೇಕು, ಆದರೆ ಅದು ಆಕೆಯ ಮುಂದಿನ ಬದುಕಿಗೆ ಸಾಕಾಗುವಷ್ಟು ಇರಬೇಕು ಅಂತ. 2024ರ ಜುಲೈನಲ್ಲಿ ಇನ್ನೊಂದು ತೀರ್ಪು ಬಂತು. ತಲಾಖ್ ಆದ ಮುಸ್ಲಿಂ ಮಹಿಳೆ ಎಲ್ಲರಿಗೂ ಅನ್ವಯಿಸೋ ಜೀವನಾಂಶದ ಕಾನೂನಿನಡಿಯೂ ಕೋರ್ಟಿಗೆ ಹೋಗಬಹುದು ಅಂತ.

ನೋಡಿ, ತಂದವರ ಉದ್ದೇಶ ಏನೇ ಇರಲಿ, ಕೊನೆಗೆ ಆ ಹೆಂಗಸರ ಕೈಗೆ ಬಂದಿದ್ದು ಕಾಯ್ದೆಯೊಳಗಿನ ಪದ. ಉದ್ದೇಶ ಮಂತ್ರಿಯ ಜೊತೆ ಮನೆಗೆ ಹೋಗುತ್ತೆ. ಪದ ಪುಸ್ತಕದಲ್ಲಿ ಉಳಿಯುತ್ತೆ.

ಈಗ ತ್ರಿವಳಿ ತಲಾಖ್. 2017ರ ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟ್ ಮೂರು-ಎರಡರ ಬಹುಮತದಿಂದ ಅದನ್ನು ರದ್ದು ಮಾಡಿತು. ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಸೂದೆ ತಂದಿತು, ತಲಾಖ್ ಅಂತ ಮೂರು ಸಲ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು. ಚಾನೆಲ್‌ಗಳು ಎರಡು ಹೋಳಾದವು. ಒಂದು ಕಡೆ ಮುಸ್ಲಿಂ ಅಕ್ಕತಂಗಿಯರ ಬಿಡುಗಡೆ ಅಂದರು. ಇನ್ನೊಂದು ಕಡೆ ಮುಸ್ಲಿಂ ಗಂಡಸರನ್ನು ಜೈಲಿಗೆ ಹಾಕೋ ಸಂಚು ಅಂದರು. ಎರಡೂ ಉದ್ದೇಶದ ಮಾತು.

ಆದರೆ ಅದೇ ಹೊತ್ತಲ್ಲಿ ಕೆಲವರು ಸೆಕ್ಷನ್ ಓದಿ ಪ್ರಶ್ನೆ ಕೇಳಿದರು. ದೂರು ಯಾರು ಬೇಕಾದರೂ ಕೊಡಬಹುದಾ? ದಾರಿಹೋಕನೂ ಕೊಡಬಹುದಾ? ಗಂಡ ಹೆಂಡತಿ ರಾಜಿ ಆಗ್ತೀವಿ ಅಂದ್ರೆ ಕೇಸ್ ಮುಗಿಯುತ್ತಾ? ಜಾಮೀನು ಸಿಗುತ್ತಾ? ಗಂಡ ಒಳಗೆ ಹೋದರೆ ಹೆಂಡತಿ ಮಕ್ಕಳ ಊಟಕ್ಕೆ ಯಾರು?

ಈ ಪ್ರಶ್ನೆಗಳ ಫಲ ಏನಾಯ್ತು ಗೊತ್ತಾ? 2018ರಲ್ಲಿ ಸರ್ಕಾರ ಮೂರು ಬದಲಾವಣೆ ಮಾಡಿತು. ದೂರು ಕೊಡಬೇಕಾದ್ದು ಆ ಮಹಿಳೆ, ಇಲ್ಲಾ ಆಕೆಯ ರಕ್ತಸಂಬಂಧಿ ಅಥವಾ ಮದುವೆಯಿಂದ ಬಂದ ಸಂಬಂಧಿ. ಮಹಿಳೆ ಒಪ್ಪಿದರೆ ಮ್ಯಾಜಿಸ್ಟ್ರೇಟ್ ಅನುಮತಿಯಿಂದ ರಾಜಿ ಆಗಬಹುದು. ಆಕೆಯ ಮಾತು ಕೇಳಿ ಮ್ಯಾಜಿಸ್ಟ್ರೇಟ್ ಜಾಮೀನು ಕೊಡಬಹುದು. 2019ರ ಜುಲೈ 31ಕ್ಕೆ ರಾಷ್ಟ್ರಪತಿ ಅಂಕಿತ ಬಿದ್ದ ಕಾಯ್ದೆಯಲ್ಲಿ ಈ ಮೂರೂ ಇವೆ. ಊಟದ ಪ್ರಶ್ನೆ ಮಾತ್ರ ಪೂರ್ತಿ ಬಗೆಹರಿದಿಲ್ಲ. ಹೆಂಡತಿ ಮಕ್ಕಳಿಗೆ ಗಂಡ ಜೀವನ ಭತ್ಯೆ ಕೊಡಬೇಕು ಅಂತ ಕಾಯ್ದೆಯಲ್ಲಿ ಬರೆದಿದೆ. ಜೈಲಲ್ಲಿರೋನು ದುಡಿದು ತರೋದು ಹೇಗೆ ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ.

ಸಂಚು, ಬಿಡುಗಡೆ ಅಂತ ಕೂಗಾಡಿದ್ದರಿಂದ ಒಂದು ಅಕ್ಷರವೂ ಬದಲಾಗಲಿಲ್ಲ. ಸೆಕ್ಷನ್ ಹಿಡಿದು ಕೇಳಿದ್ದರಿಂದ ಮೂರು ಕಡೆ ಬದಲಾಯಿತು. ಟೀಕೆ ಮಾಡೋರಿಗೂ ಲಾಭ, ಸರ್ಕಾರಕ್ಕೂ ಲಾಭ, ಆ ಹೆಣ್ಣುಮಗಳಿಗೆ ಎಲ್ಲಕ್ಕಿಂತ ಹೆಚ್ಚು.

ಗೆಂಡೆಹಳ್ಳಿಯವರ ಎರಡನೇ ಉದಾಹರಣೆ, ಮದುವೆ ವಯಸ್ಸು. 2020ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ ಮೋದಿ ಈ ವಿಷಯ ಎತ್ತಿದರು. ಅದಕ್ಕೂ ಮೊದಲೇ, ಜೂನ್‌ನಲ್ಲಿ ಜಯಾ ಜೇಟ್ಲಿ ನೇತೃತ್ವದ ಕಾರ್ಯಪಡೆ ರಚನೆ ಆಗಿತ್ತು. 2021ರ ಡಿಸೆಂಬರ್ 21ಕ್ಕೆ ಸ್ಮೃತಿ ಇರಾನಿ ಲೋಕಸಭೆಯಲ್ಲಿ ಮಸೂದೆ ಮಂಡಿಸಿದರು. ಹೆಣ್ಣುಮಕ್ಕಳ ಮದುವೆ ವಯಸ್ಸು 18ರಿಂದ 21ಕ್ಕೆ, ಎಲ್ಲ ಧರ್ಮದವರಿಗೂ. ವಿರೋಧ ಪಕ್ಷಗಳು ಆತುರ ಯಾಕೆ ಅಂತ ಕೇಳಿದವು. ಏಕರೂಪ ನಾಗರಿಕ ಸಂಹಿತೆಯನ್ನು ಹಿಂಬಾಗಿಲಿಂದ ತರೋ ಪ್ರಯತ್ನ ಇದು ಅನ್ನೋ ಆರೋಪವೂ ಬಂತು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. 2024ರಲ್ಲಿ ಲೋಕಸಭೆ ವಿಸರ್ಜನೆ ಆದಾಗ ಬಿದ್ದು ಹೋಯಿತು.

ಅದೇ 2024ರ ಆಗಸ್ಟ್‌ನಲ್ಲಿ ಹಿಮಾಚಲ ಪ್ರದೇಶ ವಿಧಾನಸಭೆ ತನ್ನ ರಾಜ್ಯಕ್ಕೆ ಇದೇ ಥರದ ತಿದ್ದುಪಡಿ ಮಸೂದೆ ಪಾಸು ಮಾಡಿತು. ಹೆಣ್ಣುಮಕ್ಕಳ ಮದುವೆ ವಯಸ್ಸು 21. ಅಲ್ಲಿ ಇದ್ದದ್ದು ಯಾವ ಸರ್ಕಾರ? ಕಾಂಗ್ರೆಸ್ ಸರ್ಕಾರ.

ಇಲ್ಲಿ ನಿಲ್ಲಿ. ಒಂದೇ ಸಂಖ್ಯೆ, ಒಂದೇ ವಿಷಯ, ಎರಡು ಪಕ್ಷ. 2021ರಲ್ಲಿ ಹಿಂಬಾಗಿಲು ಅಂದವರು 2024ರಲ್ಲಿ ಹಿಮಾಚಲಕ್ಕೆ ಏನಂದರು? 2021ರಲ್ಲಿ ಐತಿಹಾಸಿಕ ಅಂದವರು 2024ರಲ್ಲಿ ಹಿಮಾಚಲವನ್ನು ಅಷ್ಟೇ ಜೋರಾಗಿ ಹೊಗಳಿದರಾ? ನೀವು ನೋಡೋ ಚಾನೆಲ್, ಓದೋ ಪತ್ರಿಕೆ ಏನು ಮಾಡಿತು ಅಂತ ನೀವೇ ನೆನಪು ಮಾಡಿಕೊಳ್ಳಿ. ಪಕ್ಷಪಾತ ಅಳೆಯೋಕೆ ಇದಕ್ಕಿಂತ ಒಳ್ಳೆ ತಕ್ಕಡಿ ಇನ್ನೊಂದಿಲ್ಲ. ವಸ್ತು ಒಂದೇ, ತೂಗಿದ ರೀತಿ ಬೇರೆ ಆದ್ರೆ ತಕ್ಕಡಿ ಸರಿ ಇಲ್ಲ ಅಂತ ಅರ್ಥ.

ಇನ್ನೂ ಒಂದು ಸಂಗತಿ ಹೇಳ್ತೀನಿ. ಹೆಣ್ಣುಮಕ್ಕಳ ಮದುವೆ ವಯಸ್ಸಿನ ಆ ಮಸೂದೆಯನ್ನು ಪರಿಶೀಲಿಸಬೇಕಿದ್ದ ಸ್ಥಾಯಿ ಸಮಿತಿಯಲ್ಲಿ ಆಗ ಇದ್ದ ಸದಸ್ಯರು 31. ಅದರಲ್ಲಿ ಹೆಂಗಸರು ಎಷ್ಟು? ಒಬ್ಬರು. ಇದು ಯಾರ ಮನಸ್ಸಿನೊಳಗೂ ಇಣುಕದೆ, ಪಟ್ಟಿ ನೋಡಿ ಹೇಳಬಹುದಾದ ಮಾತು. ಎಲ್ಲ ಪಕ್ಷಕ್ಕೂ ಚುಚ್ಚೋ ಮಾತು. ಚರ್ಚೆ ಮಾಡಬೇಕಾದ್ದು ಇದನ್ನ.

ಮೂರನೇದು ನಮ್ಮ ಮನೆಯದೇ. 2021ರ ಡಿಸೆಂಬರ್, ಬೆಳಗಾವಿ ಅಧಿವೇಶನ. ಬೊಮ್ಮಾಯಿ ಸರ್ಕಾರದ ಗೃಹ ಸಚಿವ ಆರಗ ಜ್ಞಾನೇಂದ್ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆ ತಂದರು. 23ನೇ ತಾರೀಕು ಸದನದಲ್ಲಿ ದೊಡ್ಡ ಜಟಾಪಟಿ. ಕಾನೂನು ಸಚಿವ ಮಾಧುಸ್ವಾಮಿ ಎದ್ದು ನಿಂತು, ಈ ಮಸೂದೆಯ ಕರಡು ಸಿದ್ದರಾಮಯ್ಯ ಸರ್ಕಾರದ ಕಾಲದಲ್ಲೇ ಆಗಿತ್ತು ಅಂತ ಕಡತ ತೋರಿಸಿದರು. ಸಿದ್ದರಾಮಯ್ಯ ಮೊದಲು ಅಲ್ಲಗಳೆದರು. ಆಮೇಲೆ ಸ್ಪೀಕರ್ ಕೊಠಡಿಗೆ ಹೋಗಿ ಕಡತ ನೋಡಿ ಬಂದು, ಸಂಪುಟದ ಮುಂದೆ ಮಂಡಿಸಿ ಅಂತಷ್ಟೇ ಹೇಳಿದ್ದೆ, ಮುಂದುವರಿಸಲಿಲ್ಲ ಅಂದರು. ಅವತ್ತಿನ ಸುದ್ದಿಯ ದೊಡ್ಡ ಪಾಲು ಇದೇ ಆಯಿತು. ಮಗು ಯಾರದ್ದು ಅನ್ನೋ ಜಗಳ.

ಒಪ್ಪಿಕೊಳ್ತೀನಿ, ಇದು ಸುದ್ದಿಯೇ. ಕಡತ ಇತ್ತು, ಸಹಿ ಇತ್ತು. ಉದ್ದೇಶದ ಬಗ್ಗೆ ಮಾತಾಡೋದಿದ್ದರೆ ಹೀಗೇ ಪುರಾವೆ ಇಟ್ಟುಕೊಂಡು ಮಾತಾಡಬೇಕು. ಆದರೆ ಮಗು ಯಾರದ್ದಾದರೂ ಅದರ ಕೈಕಾಲು ಹೇಗಿದೆ ಅಂತಲೂ ನೋಡಬೇಕಲ್ವಾ?

2022ರ ಮೇನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಒಪ್ಪಿಗೆ, ಆಮೇಲೆ ಕಾಯ್ದೆ. ಅದರಲ್ಲಿ ಮದುವೆಗೆ ಸಂಬಂಧಪಟ್ಟದ್ದು ಏನಿದೆ? ಕಾನೂನುಬಾಹಿರ ಮತಾಂತರದ ಏಕೈಕ ಉದ್ದೇಶಕ್ಕೆ ಆದ ಮದುವೆಯನ್ನು ಕೋರ್ಟು ಅನೂರ್ಜಿತ ಅಂತ ಘೋಷಿಸಬಹುದು. ಮತ ಬದಲಿಸೋರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು, ಆದ ಮೇಲೂ ತಿಳಿಸಬೇಕು. ದೂರನ್ನು ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ, ನೆಂಟರು ಕೊಡಬಹುದು. ಅಷ್ಟೇ ಅಲ್ಲ, ಜೊತೆಯಲ್ಲಿ ಕೆಲಸ ಮಾಡೋರೂ ಕೊಡಬಹುದು.

ಈ ಕೊನೇ ಮಾತು ಮತ್ತೆ ಓದಿ. ತ್ರಿವಳಿ ತಲಾಖ್ ಕಾಯ್ದೆಯಲ್ಲಿ ದೂರು ಕೊಡೋರ ಪಟ್ಟಿಯನ್ನು ಚಿಕ್ಕದು ಮಾಡಿದ್ದರು. ಇಲ್ಲಿ ಪಟ್ಟಿ ಆಫೀಸಿನ ಪಕ್ಕದ ಕುರ್ಚಿಯವರೆಗೂ ಬೆಳೆದಿದೆ. ಮೋಸದ ಮದುವೆ ತಡೆಯೋಕೆ ಇದು ಬೇಕು ಅಂತ ಒಬ್ಬರು ವಾದಿಸಬಹುದು. ವಯಸ್ಸಿಗೆ ಬಂದ ಇಬ್ಬರ ನಡುವೆ ಸಹೋದ್ಯೋಗಿಗೆ ಏನು ಕೆಲಸ ಅಂತ ಇನ್ನೊಬ್ಬರು ಕೇಳಬಹುದು. ಎರಡೂ ಯೋಗ್ಯ ವಾದ, ಎರಡನ್ನೂ ಪಕ್ಷದ ಹೆಸರೇ ಎತ್ತದೆ ಮಾಡಬಹುದು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆ ರದ್ದು ಮಾಡೋಕೆ ತೀರ್ಮಾನಿಸಿದಾಗಲೂ ಚರ್ಚೆ ಮತ್ತೆ ಉದ್ದೇಶದ ಮೇಲೇ ನಿಂತಿತು. ತಂದಾಗ ಹಿಂದೂ ಮತ, ತೆಗೆಯುವಾಗ ಅಲ್ಪಸಂಖ್ಯಾತ ಮತ ಅನ್ನೋ ಲೆಕ್ಕ. ಸೆಕ್ಷನ್ ಅಲ್ಲೇ ಉಳೀತು, ಓದದೇ.

ಇಷ್ಟು ಹೊತ್ತು ಗಲಾಟೆ ಆದ ಕಾನೂನುಗಳ ಮಾತಾಯಿತು. ಈಗ ಗಲಾಟೆಯೇ ಆಗದ ಒಂದು ಕಾನೂನಿನ ಬಗ್ಗೆ ಹೇಳ್ತೀನಿ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ.

ದೇಶದ ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು. ಅದರಲ್ಲಿ ಬಾಲ್ಯವಿವಾಹ ಮಾಡಿಸಿದರೆ ಶಿಕ್ಷೆ ಇದೆ. ಆದರೆ ಆ ಮದುವೆ ತಾನಾಗೇ ರದ್ದಾಗಲ್ಲ. ಮದುವೆಯಾದ ಹುಡುಗಿಯೇ ಕೋರ್ಟಿಗೆ ಹೋಗಿ ನನಗೆ ಈ ಮದುವೆ ಬೇಡ ಅನ್ನಬೇಕು, ಅದೂ ಪ್ರಾಪ್ತ ವಯಸ್ಸಾಗಿ ಎರಡು ವರ್ಷದೊಳಗೆ. ಹದಿನಾರು ಹದಿನೇಳಕ್ಕೆ ತಾಳಿ ಕಟ್ಟಿಸಿಕೊಂಡ ಹುಡುಗಿ ಅತ್ತೆ ಮನೆಯಿಂದ ಬಸ್ ಹತ್ತಿ ಕೋರ್ಟಿಗೆ ಹೋಗ್ತಾಳಾ?

ಕರ್ನಾಟಕ ಹೈಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದು, 2010ರ ಆದೇಶದಂತೆ ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದಲ್ಲಿ ಸಮಿತಿ ಆಯಿತು. 2011ರಲ್ಲಿ ವರದಿ ಬಂತು. ಆಮೇಲೆ ರಾಜ್ಯ ಶಾಸಕಾಂಗ ತಿದ್ದುಪಡಿ ತಂದಿತು, 2017ರಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. ಅದರ ಪ್ರಕಾರ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ. ಅಂದರೆ ತಾಳಿ ಕಟ್ಟಿದರೂ ಕಾನೂನಿನ ಕಣ್ಣಲ್ಲಿ ಮದುವೆ ಆಗೇ ಇಲ್ಲ. ಹುಡುಗಿ ಕೋರ್ಟಿಗೆ ಅಲೆಯಬೇಕಾಗಿಲ್ಲ. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪಿನಲ್ಲಿ ಕರ್ನಾಟಕದ ಈ ಹೆಜ್ಜೆಯನ್ನು ಹೆಸರಿಸಿ, ಉಳಿದ ರಾಜ್ಯಗಳೂ ಹೀಗೇ ಮಾಡಿದರೆ ಒಳ್ಳೆಯದು ಅಂತ ಹೇಳಿತು.

ಇಡೀ ದೇಶಕ್ಕೆ ಮಾದರಿ ಅಂತ ಸುಪ್ರೀಂ ಕೋರ್ಟೇ ಹೇಳಿದ ನಮ್ಮ ಕಾನೂನು. ಇದರ ಬಗ್ಗೆ ಎಷ್ಟು ಪ್ಯಾನೆಲ್ ಚರ್ಚೆ ನೋಡಿದ್ದೀರಿ? ಇದರಲ್ಲಿ ಹಿಂದೂ-ಮುಸ್ಲಿಂ ಇಲ್ಲ, ಓಲೈಕೆ ಇಲ್ಲ, ಸಂಚಿಲ್ಲ. ಉದ್ದೇಶದ ಜಗಳಕ್ಕೆ ಸರಕೇ ಇಲ್ಲ. ಅದಕ್ಕೇ ಇದು ಟಿವಿಯಲ್ಲಿ ಇಲ್ಲ.

ಇದರ ನಷ್ಟ ಯಾರಿಗೆ? 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಶೇಕಡಾ 21.3. ಐವರಲ್ಲಿ ಒಬ್ಬಳು. ಅವರಲ್ಲಿ ಬಹಳಷ್ಟು ಮದುವೆಗಳು 2017ಕ್ಕಿಂತ ಮೊದಲೇ ಆದವು, ಹಾಗಾಗಿ ಈ ಅಂಕಿಯಿಂದ ಹೊಸ ತಿದ್ದುಪಡಿ ಗೆದ್ದಿತು ಅಥವಾ ಸೋತಿತು ಅಂತ ಹೇಳೋಕಾಗಲ್ಲ. ಆದರೆ ಸಮಸ್ಯೆ ಎಷ್ಟು ದೊಡ್ಡದು ಅಂತ ಹೇಳಬಹುದು.

ಗೆಂಡೆಹಳ್ಳಿಯಂಥ ಊರನ್ನೇ ತಗೊಳ್ಳಿ. ಹತ್ತನೇ ಕ್ಲಾಸು ಮುಗಿಸಿದ ಹುಡುಗಿಗೆ ಒಳ್ಳೆ ಸಂಬಂಧ ಬಂತು ಅಂತ ಮನೆಯಲ್ಲಿ ಲಗ್ನ ಗೊತ್ತು ಮಾಡ್ತಾರೆ. ಛತ್ರ ಬುಕ್ ಆಗಿದೆ, ಪತ್ರಿಕೆ ಅಚ್ಚಾಗಿದೆ. ಆ ಹುಡುಗಿಗಾಗಲಿ, ಅವಳ ಟೀಚರ್‌ಗಾಗಲಿ, ಪಕ್ಕದ ಮನೆಯ ಅಕ್ಕನಿಗಾಗಲಿ ಗೊತ್ತಿರಬೇಕಾದ್ದು ಏನು? ಮಕ್ಕಳ ಸಹಾಯವಾಣಿ 1098 ಅಂತ. ತಹಶೀಲ್ದಾರ್, ಸಿಡಿಪಿಒ, ಪಿಡಿಒ ಇವರಿಗೆಲ್ಲ ಬಾಲ್ಯವಿವಾಹ ತಡೆಯೋ ಹೊಣೆ ಇದೆ ಅಂತ. ಮದುವೆ ನಡೆದೇ ಹೋದರೂ ಈ ರಾಜ್ಯದಲ್ಲಿ ಅದು ಅನೂರ್ಜಿತ ಅಂತ. ಅವರಿಗೆ ಸ್ಮೃತಿ ಇರಾನಿಯವರ ಉದ್ದೇಶ ಗೊತ್ತು, ಸಿದ್ದರಾಮಯ್ಯನವರ ಉದ್ದೇಶ ಗೊತ್ತು, ಓವೈಸಿಯವರ ಉದ್ದೇಶ ಗೊತ್ತು. ಟಿವಿಯಲ್ಲಿ ದಿನಾ ಬಂದಿದೆ. 1098 ಎಷ್ಟು ಸಲ ಬಂದಿದೆ?

ಕೇಳಬೇಕಾದ ಪ್ರಶ್ನೆಗಳು ಇದರಲ್ಲೂ ಇವೆ. ಮದುವೆಯೇ ಆಗಿಲ್ಲ ಅಂತ ಕಾನೂನು ಹೇಳಿದ ಮೇಲೆ, ಎರಡು ವರ್ಷ ಸಂಸಾರ ಮಾಡಿ ಕೈಯಲ್ಲೊಂದು ಮಗು ಇರೋ ಹುಡುಗಿಯ ಜೀವನಾಂಶದ ಗತಿ ಏನು? ಜೈಲು ಶಿಕ್ಷೆಗೆ ಹೆದರಿ ಬಸುರಿ ಹುಡುಗಿಯನ್ನು ಆಸ್ಪತ್ರೆಗೇ ಕರ್ಕೊಂಡು ಹೋಗದಿದ್ರೆ? ಇಂಥ ಪ್ರಶ್ನೆಗೆ ಯಾವ ಪಕ್ಷದ ಬಾವುಟವೂ ಇಲ್ಲ. ಸರ್ಕಾರ ಯಾವುದೇ ಇರಲಿ ಕೇಳಬಹುದು.

ಹಾಗಾದರೆ ರಾಜಕಾರಣಿಯ ಉದ್ದೇಶವನ್ನು ಕೇಳಲೇಬಾರದಾ? ಕೇಳಬೇಕು. ಚುನಾವಣೆಗೆ ಎರಡು ತಿಂಗಳಿದ್ದಾಗ ಮಸೂದೆ ಬಂದರೆ ಕೇಳಬೇಕು. ನಿನ್ನೆ ವಿರೋಧಿಸಿದ್ದನ್ನು ಇವತ್ತು ತಂದರೆ ಕೇಳಬೇಕು. ಸದನದಲ್ಲಿ ಒಂದು ಮಾತು, ರ್‍ಯಾಲಿಯಲ್ಲಿ ಇನ್ನೊಂದು ಮಾತು ಆಡಿದರೆ ಕೇಳಬೇಕು. 'ಲವ್ ಜಿಹಾದ್' ಅನ್ನೋ ಪದ ತಗೊಳ್ಳಿ. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಖಾತೆ ರಾಜ್ಯ ಸಚಿವರು ಲೋಕಸಭೆಗೆ ಕೊಟ್ಟ ಉತ್ತರದಲ್ಲಿ, ಈಗಿರುವ ಕಾನೂನುಗಳಲ್ಲಿ ಆ ಪದಕ್ಕೆ ವ್ಯಾಖ್ಯಾನ ಇಲ್ಲ, ಕೇಂದ್ರದ ಸಂಸ್ಥೆಗಳು ಅಂಥ ಪ್ರಕರಣ ವರದಿ ಮಾಡಿಲ್ಲ ಅಂದರು. ಅದೇ ಪಕ್ಷದ ನಾಯಕರು ಹೊರಗೆ ಆ ಪದ ಬಳಸ್ತಾನೇ ಇದ್ದರು. ಇಲ್ಲಿ ಉದ್ದೇಶ ಕೇಳೋಕೆ ಗಟ್ಟಿ ಕಾರಣ ಇದೆ, ಯಾಕಂದ್ರೆ ಎರಡು ದಾಖಲೆ ಎದುರುಬದುರು ನಿಂತಿವೆ. ಹಾಗೇ 1986ರಲ್ಲಿ ಕೋರ್ಟ್ ಗೆಲ್ಲಿಸಿದ ಮುದುಕಿಯನ್ನು ಸರ್ಕಾರ ಯಾಕೆ ಸೋಲಿಸಿತು ಅಂತ ಕೇಳೋಕೂ ಅಷ್ಟೇ ಗಟ್ಟಿ ಕಾರಣ ಇತ್ತು. ಪುರಾವೆ ಇದ್ದರೆ ಕೇಳಿ, ಎಲ್ಲರನ್ನೂ ಒಂದೇ ದನಿಯಲ್ಲಿ ಕೇಳಿ.

ಚಾನೆಲ್‌ಗಳು ಗೆರೆ ದಾಟಿದರೆ ಕೇಳೋರಿಲ್ಲ ಅಂದ್ಕೋಬೇಡಿ. 2024ರ ಫೆಬ್ರವರಿಯಲ್ಲಿ ಸುದ್ದಿವಾಹಿನಿಗಳ ಸ್ವಯಂ-ನಿಯಂತ್ರಣ ಪ್ರಾಧಿಕಾರ ಅಂತರ್ಧರ್ಮೀಯ ಮದುವೆಗಳ ಬಗ್ಗೆ ಮಾಡಿದ ಕಾರ್ಯಕ್ರಮಗಳಿಗಾಗಿ ಎರಡು ಹಿಂದಿ ಚಾನೆಲ್‌ಗಳಿಗೆ ದಂಡ ಹಾಕಿತು. ಕೆಲವು ಘಟನೆ ಹಿಡಿದು ಇಡೀ ಸಮುದಾಯಕ್ಕೆ ಹಣೆಪಟ್ಟಿ ಹಚ್ಚೋದು ಸರಿಯಲ್ಲ ಅಂತ ಹೇಳಿತು. ಆ ಆದೇಶ ಬಂದಿದ್ದು ಸಾಮಾನ್ಯ ಜನ ದೂರು ಕೊಟ್ಟಿದ್ದಕ್ಕೆ. ನೀವೂ ಕೊಡಬಹುದು. ಕಾರ್ಯಕ್ರಮದ ದಿನ, ಸಮಯ ಬರೆದಿಟ್ಟುಕೊಂಡು ಮೊದಲು ಚಾನೆಲ್‌ಗೇ ಬರೀಬೇಕು, ತಡ ಮಾಡದೆ. ಉತ್ತರ ಸಮಾಧಾನ ಆಗದಿದ್ರೆ ಸ್ವಯಂ-ನಿಯಂತ್ರಣ ಸಂಸ್ಥೆಗೆ. ಅದಕ್ಕೂ ಮೇಲೆ ಕೇಂದ್ರ ಸರ್ಕಾರದ ಹಂತ. 2021ರ ನಿಯಮದಲ್ಲಿ ಈ ಮೂರು ಮೆಟ್ಟಿಲು ಇದೆ. ಬರೆಯುವಾಗ 'ನೀವು ಆ ಪಕ್ಷದ ಏಜೆಂಟ್' ಅಂತ ಬರೀಬೇಡಿ. ಅದೂ ಉದ್ದೇಶದ ಆರೋಪವೇ, ಸಾಬೀತಾಗಲ್ಲ. ಇಂಥ ಹೊತ್ತಲ್ಲಿ ಇಂಥ ಮಾತು ಹೇಳಿದಿರಿ, ಕಾಯ್ದೆಯಲ್ಲಿ ಹಾಗಿಲ್ಲ ಅಂತ ಬರೀರಿ. ಆಗ ಉತ್ತರ ಕೊಡಲೇಬೇಕಾಗುತ್ತೆ.

ದೂರು ಬರೆಯೋಷ್ಟು ಪುರುಸೊತ್ತು ಇಲ್ಲದವರಿಗೆ ಇನ್ನೂ ಸುಲಭದ ದಾರಿ ಇದೆ. ಮುಂದೆ ಮದುವೆ ಬಗ್ಗೆ ಯಾವ ಕಾನೂನು ಬಂದರೂ ಚರ್ಚೆ ನೋಡುವಾಗ ನಾಲ್ಕು ವಿಷಯ ಗಮನಿಸಿ. ಸೆಕ್ಷನ್‌ನಲ್ಲಿ ಏನು ಬರೆದಿದೆ ಅಂತ ಒಬ್ಬರಾದರೂ ಓದಿದರಾ? ನಾಳೆ ಬೆಳಿಗ್ಗೆ ಯಾರ ಬದುಕು ಬದಲಾಗುತ್ತೆ ಅಂತ ಹೇಳಿದರಾ? ಇದೇ ಕಾನೂನನ್ನು ಇನ್ನೊಂದು ಪಕ್ಷ ತಂದಿದ್ದರೂ ಇದೇ ಪ್ರಶ್ನೆ ಕೇಳ್ತಿದ್ರಾ? ಉದ್ದೇಶದ ಬಗ್ಗೆ ಮಾತಾಡಿದವರು ಪುರಾವೆ ಇಟ್ಟರಾ? ಅರ್ಧ ಗಂಟೆಯೊಳಗೆ ಈ ನಾಲ್ಕರಲ್ಲಿ ಎರಡಕ್ಕಾದರೂ ಉತ್ತರ ಸಿಗಲಿಲ್ಲ ಅಂದ್ರೆ ರಿಮೋಟ್ ನಿಮ್ಮ ಕೈಯಲ್ಲೇ ಇದೆ. ಚಾನೆಲ್ ಬದಲಿಸಿ. ನಮ್ಮದಾದರೂ ಸರಿ, ಬದಲಿಸಿ.